ಮೂರನೆಯ ಸರದಿ: ಮೀಸಲು ಕ್ವಾರ್ಟರ್‌ಬ್ಯಾಕ್‌ಗೆ ಮೈದಾನ ಬಿಟ್ಟುಕೊಟ್ಟ ಒಂದು ತಂಡದ ಪ್ರಕರಣ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಾಗ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಎರಡು ಋತುಗಳ ಕಾಲ ಸಂಬಳವಿಲ್ಲದೆ ಲೆಕ್ಕ ಬರೆದುಕೊಟ್ಟೆ. ಅಭ್ಯಾಸದಲ್ಲಿ ಯಾರು ಯಾರ ಜೊತೆ ಎಷ್ಟು ಸಲ ಆಡಿದರು, ಪಂದ್ಯದಲ್ಲಿ ಯಾವ ಆಟ ಎಲ್ಲಿ ಕೆಟ್ಟಿತು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ಆ ಎರಡು ಋತುಗಳಲ್ಲಿ ತಂಡ ಒಂದೇ ಪ್ರಶ್ನೆಯೊಂದಿಗೆ ಹೆಣಗಾಡಿತು: ಮೀಸಲು ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಆಕ್ರಮಣ ನಡೆಸುವ ಆಟಗಾರನ ಬದಲಿಯನ್ನು, ಯಾವಾಗ ಆಡಿಸಬೇಕು, ಎಷ್ಟು ಆಡಿಸಬೇಕು, ಯಾರ ಜೊತೆ ಆಡಿಸಬೇಕು? ಕಾಲೇಜು ಹುಡುಗರನ್ನು ಪಳಗಿಸುವ ಯಾರಿಗೇ ಆದರೂ ಇದು ಉಪಯೋಗವಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಹುಡುಗರ ಗುರುತು ಸಿಗಬಾರದೆಂದು ಎದುರಾಳಿಗಳನ್ನು, ಅಂಕಗಳನ್ನು, ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊದಲ ಆಯ್ಕೆಯ ಆಟಗಾರನನ್ನು ‘ಹಿರಿಯ’ ಎಂದೂ, ಎರಡನೆಯವನನ್ನು ‘ಎಡಗೈಯವನು’ ಎಂದೂ, ಎರಡನೆಯ ಋತುವಿಗೆ ಶಾಲೆ ಮುಗಿಸಿ ಬಂದ ಮೂರನೆಯವನನ್ನು ‘ಹೊಸಬ’ ಎಂದೂ ಕರೆಯುತ್ತೇನೆ.

ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್ ನೋಡದವರಿಗಾಗಿ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಮಂದಿ ಆಡುತ್ತಾರೆ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಯತ್ನಗಳಿರುತ್ತವೆ. ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಚೆಂಡು ಕೈಗೆ ಬಂದು ಕೈಬಿಟ್ಟು ಹೋಗುವವರೆಗಿನ ಆಟವನ್ನು ಇಲ್ಲಿ ‘ಸರದಿ’ ಎನ್ನುತ್ತೇನೆ. ಪ್ರತಿ ಯತ್ನವೂ ಸೆಂಟರ್ ಎಂಬ ಆಟಗಾರ ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಚೆಂಡು ಕೊಡುವುದರಿಂದ ಶುರುವಾಗುತ್ತದೆ. ಅದು ಸ್ನ್ಯಾಪ್. ಆ ಚೆಂಡು ಬಹುಪಾಲು ಸಲ ಹೋಗುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅವನು ಅದನ್ನು ಓಡುವವನ ಕೈಗಿಡಬಹುದು, ಎಸೆತ ಹಿಡಿಯುವ ರಿಸೀವರ್‌ಗೆ ಎಸೆಯಬಹುದು, ತಾನೇ ಓಡಬಹುದು. ಹಿಂದಿನ ಆಟ ಮುಗಿದ 40 ಸೆಕೆಂಡುಗಳೊಳಗೆ ಅವನು ಸಂಕೇತ ಓದಿ, ಹತ್ತು ಮಂದಿಯನ್ನು ಅವರವರ ಜಾಗದಲ್ಲಿ ನಿಲ್ಲಿಸಿ, ಎದುರಿನ ರಕ್ಷಣೆಯನ್ನು ಅಳೆದು, ಕೂಗು ಹಾಕಿ ಚೆಂಡು ತರಿಸಿಕೊಳ್ಳಬೇಕು.

ಬೇರೆ ಜಾಗಗಳಲ್ಲಿ ಆಟಗಾರರನ್ನು ಪಂದ್ಯದುದ್ದಕ್ಕೂ ಅದಲುಬದಲು ಮಾಡುತ್ತಾರೆ. ಓಡುವವರು ಇಬ್ಬರು ಮೂವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ, ರಕ್ಷಣೆಯ ಮುಂಸಾಲಿನವರು ದಣಿದಾಗ ಹೊರಗೆ ಬರುತ್ತಾರೆ. ಕ್ವಾರ್ಟರ್‌ಬ್ಯಾಕ್‌ನನ್ನು ಮಾತ್ರ ಸಾಮಾನ್ಯವಾಗಿ ಬದಲಿಸುವುದಿಲ್ಲ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಇದ್ದಾರೆ ಎಂದರೆ ಒಬ್ಬನೂ ಇಲ್ಲ ಎಂದೇ ಅರ್ಥ ಎಂಬ ಮಾತು ಅಮೆರಿಕದ ಕೋಚ್‌ಗಳ ಬಾಯಲ್ಲಿ ಬಹಳ ಹಳೆಯದು. ನಮ್ಮ ಮುಖ್ಯ ಕೋಚ್ ಕೂಡ ಆ ಮಾತನ್ನು ನಂಬಿದವರೇ.

ನಮ್ಮದು ದೂರದರ್ಶನದಲ್ಲಿ ಪ್ರತಿ ವಾರ ಕಾಣಿಸುವ ದೊಡ್ಡ ತಂಡವಲ್ಲ. ಒಂದನೇ ವಿಭಾಗದ ಕೆಳಗಿನ ಸ್ತರದ್ದು. ಆಗ ಇಡೀ ತಂಡಕ್ಕೆ ಹಂಚಲು 63 ಸ್ಕಾಲರ್‌ಶಿಪ್‌ಗಳು, ಋತುವಿಗೆ ಹನ್ನೊಂದು ಪಂದ್ಯಗಳು ಇದ್ದವು. ಅಷ್ಟರಲ್ಲಿ ಮೂರ್ನಾಲ್ಕು ಸೋತರೆ ಪ್ಲೇಆಫ್, ಅಂದರೆ ಋತುವಿನ ಕೊನೆಯ ನಾಕೌಟ್ ಪಂದ್ಯಾವಳಿ, ಕೈಗೆಟುಕುವುದೇ ಅನುಮಾನ. ಋತು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಹುಡುಗರನ್ನು ಕಡ್ಡಾಯವಾಗಿ ಆಟದ ಕೆಲಸಕ್ಕೆ ಹಚ್ಚುವಂತಿಲ್ಲ ಎಂದು ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮವಿದೆ. ಇಷ್ಟು ಇಕ್ಕಟ್ಟಿನ ವೇಳೆಯಲ್ಲಿ ಅಭ್ಯಾಸದ ಸ್ನ್ಯಾಪ್‌ಗಳನ್ನು ಹಂಚುವುದೆಂದರೆ ಬರಗಾಲದಲ್ಲಿ ನೀರು ಹಂಚಿದ ಹಾಗೆ. ನನ್ನ ಮೊದಲ ವರ್ಷದ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಹಿರಿಯನಿಗೇ ಹೋಗುತ್ತಿದ್ದವು.

ಕಸದ ಹೊತ್ತು

ಮೊದಲ ಋತುವಿನ ಮೊದಲ ಎಂಟು ಪಂದ್ಯಗಳಲ್ಲಿ ಎಡಗೈಯವನು ಐದರಲ್ಲಿ ಮೈದಾನಕ್ಕಿಳಿದ. ಎಲ್ಲವೂ ಗೆಲುವೋ ಸೋಲೋ ತೀರ್ಮಾನವಾದ ಮೇಲೆ. ಆ ಹೊತ್ತನ್ನು ಅಮೆರಿಕದವರು ‘ಗಾರ್ಬೇಜ್ ಟೈಮ್’ ಎನ್ನುತ್ತಾರೆ, ಕಸದ ಹೊತ್ತು. ಪ್ರೇಕ್ಷಕರು ಕಾರು ನಿಲ್ಲಿಸಿದ ಕಡೆಗೆ ನಡೆಯುತ್ತಿರುತ್ತಾರೆ. ಸೈಡ್‌ಲೈನ್‌ನಿಂದ ಬರುವ ಆಜ್ಞೆ ಒಂದೇ: ಚೆಂಡನ್ನು ಓಡುವವನ ಕೈಗಿಡು, ಗಡಿಯಾರ ಓಡಲಿ. ಸೋಲುತ್ತಿರುವ ಎದುರಾಳಿಯ ಮೇಲೆ ಇನ್ನಷ್ಟು ಅಂಕ ಹೇರುವುದು ಸಭ್ಯತೆಯಲ್ಲ ಎಂಬ ಭಾವನೆಯೂ ಅದರ ಹಿಂದೆ ಇದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಲೆಕ್ಕ ಹೀಗಿತ್ತು: ಎಂಟು ಪಂದ್ಯಗಳು ಮುಗಿಯುವ ಹೊತ್ತಿಗೆ ಎಡಗೈಯವನು ಆಡಿದ್ದು 61 ಸ್ನ್ಯಾಪ್, ಎಸೆದದ್ದು 9 ಸಲ. ಆ 61ರಲ್ಲಿ ಮೊದಲ ಆಯ್ಕೆಯ ಸೆಂಟರ್ ಮತ್ತು ಅವನ ಅಕ್ಕಪಕ್ಕ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಸಾಲಿನ ಜೊತೆ ಆಡಿದ್ದು ನಾಲ್ಕೇ ನಾಲ್ಕು.

ಕೊನೆಯ ಆ ಸಂಖ್ಯೆಗೆ ಆಗ ನಾನೂ ಬೆಲೆ ಕೊಟ್ಟಿರಲಿಲ್ಲ. ನನ್ನ ಊರು ಕರಾವಳಿಯಲ್ಲಿದೆ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಕುಣಿಯುವ ಕಲಿಕೆಯ ಹುಡುಗರನ್ನು ನೋಡುತ್ತ ಬೆಳೆದವನು ನಾನು. ಜನ ಇನ್ನೂ ಸೇರಿರುವುದಿಲ್ಲ, ಪ್ರಸಂಗ ಶುರುವಾಗಿರುವುದಿಲ್ಲ. ಕಸದ ಹೊತ್ತನ್ನು ಮೊದಲ ಸಲ ಕಂಡಾಗ ಇದೂ ಅದೇ ಏರ್ಪಾಡು ಎಂದುಕೊಂಡು ಸಮಾಧಾನಪಟ್ಟಿದ್ದೆ. ಅದು ತಪ್ಪು ಹೋಲಿಕೆ ಎಂದು ಹೊಳೆಯಲು ಒಂದು ಋತು ಬೇಕಾಯಿತು. ಪೂರ್ವರಂಗದ ಹುಡುಗ ಮೇಳದ ರಂಗಸ್ಥಳದಲ್ಲೇ, ಮೇಳದ ಚೆಂಡೆ ಮದ್ದಳೆಗಳ ಪೆಟ್ಟಿಗೇ ಹೆಜ್ಜೆ ಹಾಕುತ್ತಾನೆ. ನಮ್ಮ ಹುಡುಗನಿಗೆ ಚೆಂಡೆಯವರೇ ಬೇರೆಯಾಗಿದ್ದರು.

ಮೊದಲ ಋತುವಿನ ಒಂಬತ್ತನೆಯ ಪಂದ್ಯ

ಮೂರನೆಯ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ, ಹಿರಿಯ ಭುಜದ ಮೇಲೆ ಬಿದ್ದ. ಕೊರಳೆಲುಬು ಮುರಿದಿತ್ತು. ನಾವು 17-10ರಿಂದ ಮುಂದಿದ್ದೆವು.

ಎಡಗೈಯವನು ಇಳಿದ. ಮೊದಲ ಸ್ನ್ಯಾಪ್ ಅವನ ಬಲ ಮೊಣಕಾಲಿನ ಕಡೆಗೆ ಬಂತು. ವರ್ಷವಿಡೀ ಬಲಗೈಯ ಹಿರಿಯನಿಗೆ ಚೆಂಡು ಕೊಟ್ಟ ಸೆಂಟರ್‌ನ ಮಣಿಕಟ್ಟಿಗೆ ಅದೇ ರೂಢಿ. ಚೆಂಡನ್ನು ಬಾಚಿ ಹಿಡಿಯುವಷ್ಟರಲ್ಲಿ ಆಟ ಕೆಟ್ಟಿತ್ತು. ಎರಡನೆಯ ಯತ್ನದಲ್ಲಿ ಬಲಬದಿಯ ಟ್ಯಾಕಲ್ (ಮುಂಸಾಲಿನ ತುದಿಯ ರಕ್ಷಕ) ಚೆಂಡು ಹೊರಡುವ ಮೊದಲೇ ಅಲುಗಿದ, ಐದು ಯಾರ್ಡ್ ದಂಡ. ಕೂಗಿನ ಲಯ ಅವನ ಕಿವಿಗೆ ಹೊಸದು. ಮುಂದಿನ ಯತ್ನದಲ್ಲಿ ಅದೇ ಬಲಬದಿಯಿಂದ ನುಗ್ಗಿದವನು ಎಡಗೈಯವನ ಬೆನ್ನಿಗೆ ಬಡಿದು ಕೆಡವಿದ. ಬಲಗೈಯಲ್ಲಿ ಎಸೆಯುವವನ ಬೆನ್ನು ಎಡಕ್ಕೆ ತಿರುಗಿರುತ್ತದೆ. ಆದ್ದರಿಂದ ಮುಂಸಾಲಿನ ಅತ್ಯುತ್ತಮ ರಕ್ಷಕನನ್ನು ಎಡಬದಿಗೆ ನಿಲ್ಲಿಸುತ್ತಾರೆ. ಎಡಗೈಯವನು ಬಂದ ಕ್ಷಣ ಕುರುಡು ಬದಿ ಬಲಕ್ಕೆ ಸರಿಯಿತು, ರಕ್ಷಕ ಮಾತ್ರ ಎಡದಲ್ಲೇ ಉಳಿದ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವನು ಎಸೆದ ಒಂದು ಒಳ್ಳೆಯ ಚೆಂಡು ರಿಸೀವರ್‌ನ ಎರಡೂ ಕೈಗಳಿಗೆ ಬಡಿದು ನೆಲಕ್ಕೆ ಬಿತ್ತು. ಎಡಗೈಯಿಂದ ಹೊರಟ ಚೆಂಡು ತಿರುಗುವ ದಿಕ್ಕೇ ವಿರುದ್ಧ. ಆ ತಿರುಗಾಟ ಹಿಡಿಯುವವನ ಕೈಗೆ ಅಭ್ಯಾಸವಿರಲಿಲ್ಲ.

ಸೋತೆವು. ಉಳಿದೆರಡು ಪಂದ್ಯಗಳಲ್ಲಿ ಒಂದನ್ನು ಸೋತೆವು. ಪ್ಲೇಆಫ್ ತಪ್ಪಿತು. ಆರು ಗಂಟೆ ಕಾರು ಓಡಿಸಿಕೊಂಡು ಪ್ರತಿ ಪಂದ್ಯಕ್ಕೂ ಬರುತ್ತಿದ್ದ ಎಡಗೈಯವನ ತಂದೆ ಅಂದು ಮಗನ ಹೆಸರು ಹಿಡಿದು ಬೈಯುತ್ತಿದ್ದವರ ನಡುವೆಯೇ ಕೊನೆಯವರೆಗೆ ಕುಳಿತಿದ್ದರು.

ಸೋಮವಾರ ವಿಡಿಯೊ ಕೋಣೆಯಲ್ಲಿ ಆಕ್ರಮಣದ ಸಹಾಯಕ ಕೋಚ್ ಹೇಳಿದ್ದು, ಹುಡುಗ ಇನ್ನೂ ಸಿದ್ಧನಾಗಿಲ್ಲ ಎಂದು. ಮುಖ್ಯ ಕೋಚ್ ನನ್ನ ಕಡೆ ತಿರುಗಿ, ಅವನು ಆಡಿದ ಪ್ರತಿ ಸ್ನ್ಯಾಪ್‌ನಲ್ಲಿ ತಪ್ಪು ಎಲ್ಲಿ ಹುಟ್ಟಿತು ಎಂದು ಬರೆದುಕೊಡುವಂತೆ ಕೇಳಿದರು. ಗಾಯದ ಪಂದ್ಯದಲ್ಲಿ ಅವನು ಆಡಿದ್ದು 27. ಕೆಟ್ಟದ್ದು 11. ಅವುಗಳಲ್ಲಿ ಅವನ ನಿರ್ಧಾರವೇ ತಪ್ಪಾಗಿದ್ದದ್ದು ಮೂರು. ಉಳಿದ ಎಂಟು ಇಬ್ಬರ ನಡುವೆ ಹುಟ್ಟಿದವು: ಸೆಂಟರ್ ಮತ್ತು ಅವನ ನಡುವೆ, ಟ್ಯಾಕಲ್ ಮತ್ತು ಅವನ ಕೂಗಿನ ನಡುವೆ, ರಿಸೀವರ್ ಮತ್ತು ಚೆಂಡಿನ ತಿರುಗಾಟದ ನಡುವೆ. ಮೊದಲ ಸಲ ಜೊತೆಗೆ ದುಡಿಯುವವರು ಮಾಡುವ ತಪ್ಪುಗಳವು. ಎರಡನೆಯ ಸಲ ಅರ್ಧವಾಗುತ್ತವೆ, ಹತ್ತನೆಯ ಸಲ ಇಲ್ಲವಾಗುತ್ತವೆ.

ಕೋಚ್ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹುಡುಗ ಸಿದ್ಧನಿದ್ದನೋ ಇಲ್ಲವೋ ಗೊತ್ತಿಲ್ಲ, ಉಳಿದ ಹತ್ತು ಮಂದಿಯನ್ನು ನಾವು ಸಿದ್ಧ ಮಾಡಿರಲಿಲ್ಲ ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಈ ಪ್ರಕರಣದ ಮೊದಲ ತಿರುವು ಅದು. ಅಲ್ಲಿಯವರೆಗೆ ಮೀಸಲು ಆಟಗಾರನಿಗೆ ಆಟದ ಸಮಯ ಕೊಡುವುದು ಆ ಹುಡುಗನಿಗೆ ಮಾಡುವ ಉಪಕಾರ ಎಂದೇ ಎಲ್ಲರೂ ಯೋಚಿಸುತ್ತಿದ್ದರು.

ದೊಡ್ಡ ಕಥೆಗಳ ಮರುಳು

ಚಳಿಗಾಲದ ಚರ್ಚೆಗಳಲ್ಲಿ ಸಹಾಯಕ ಕೋಚ್ ತಮ್ಮ ವಾದಕ್ಕೆ ಪ್ರಸಿದ್ಧ ಉದಾಹರಣೆಗಳನ್ನು ತರುತ್ತಿದ್ದರು. 2014ರಲ್ಲಿ ಓಹಾಯೊ ಸ್ಟೇಟ್ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಋತು ಶುರುವಾಗುವ ಮೊದಲೇ ಭುಜದ ಗಾಯದಿಂದ ಹೊರಬಿದ್ದರು. ಎರಡನೆಯವರಾದ ಜೆ.ಟಿ. ಬ್ಯಾರೆಟ್ ನವೆಂಬರ್ ಕೊನೆಯಲ್ಲಿ ಮಿಷಿಗನ್ ವಿರುದ್ಧ ಕಾಲಿನ ಗಿಣ್ಣು ಮುರಿದುಕೊಂಡರು. ಮೂರನೆಯವರಾದ ಕಾರ್ಡೇಲ್ ಜೋನ್ಸ್ ತಮ್ಮ ಮೊದಲ ಪೂರ್ಣ ಪಂದ್ಯದಲ್ಲಿ ವಿಸ್ಕಾನ್ಸಿನ್ ತಂಡವನ್ನು 59-0ರಿಂದ, ಆಮೇಲೆ ಅಲಬಾಮಾವನ್ನು 42-35ರಿಂದ, ಕೊನೆಗೆ ಆರಿಗನ್ ತಂಡವನ್ನು 42-20ರಿಂದ ಮಣಿಸುವಲ್ಲಿ ತಂಡವನ್ನು ನಡೆಸಿ ರಾಷ್ಟ್ರೀಯ ಪ್ರಶಸ್ತಿ ತಂದರು. ಒಳ್ಳೆಯ ಹುಡುಗ ಸಮಯ ಬಂದಾಗ ಎದ್ದು ನಿಲ್ಲುತ್ತಾನೆ, ಮೊದಲೇ ತಯಾರಿ ಏಕೆ ಎಂಬುದು ಅವರ ತಾತ್ಪರ್ಯ.

ಈ ಕಥೆಗಳನ್ನು ನಾನೂ ಪ್ರೀತಿಸುತ್ತೇನೆ, ಆದರೆ ಅವು ದಾರಿ ತಪ್ಪಿಸುತ್ತವೆ. 2018ರ ಜನವರಿಯ ಫೈನಲ್‌ನಲ್ಲಿ ಜಾರ್ಜಿಯಾ ವಿರುದ್ಧ 13-0ರಿಂದ ಹಿಂದಿದ್ದ ಅಲಬಾಮಾ ವಿರಾಮದಲ್ಲಿ ಜೇಲನ್ ಹರ್ಟ್ಸ್‌ರನ್ನು ಕೂರಿಸಿ ಮೊದಲ ವರ್ಷದ ಟುವಾ ಟಾಗೊವೈಲೋವಾರನ್ನು ಇಳಿಸಿತು, ಹೆಚ್ಚುವರಿ ಅವಧಿಯಲ್ಲಿ 26-23ರಿಂದ ಗೆದ್ದಿತು. ಜನ ಅದನ್ನು ಜೂಜು ಎಂದರು. ಆದರೆ ಆ ಋತುವಿನ ಹಲವು ಪಂದ್ಯಗಳ ಕೊನೆಯ ಭಾಗದಲ್ಲಿ ಟುವಾ ಆಡಿದ್ದರು, ಆಡಿದಾಗ ಚೆಂಡು ಎಸೆದಿದ್ದರು. ಅಲಬಾಮಾದ ಕಸದ ಹೊತ್ತು ನಮ್ಮದರಂತೆ ಇರಲಿಲ್ಲ. ಟುವಾ ಕೂಡ ಎಡಗೈಯವರೇ. ಈ ಕಾಕತಾಳೀಯವನ್ನು ನಮ್ಮ ಹುಡುಗನಿಗೆ ಯಾರೋ ನೆನಪಿಸಿದಾಗ ಅವನು ಮುಗುಳ್ನಕ್ಕದ್ದು ನೆನಪಿದೆ.

ಮೊದಲ ಪ್ರಯತ್ನ, ಮೊದಲ ಸೋಲು

ಹಿರಿಯನ ಮೂಳೆ ಕೂಡಿಕೊಂಡಿತು. ಎರಡನೆಯ ಋತು ಅವನಿಗೆ ಕೊನೆಯದು. ವಸಂತದ ಅಭ್ಯಾಸದಲ್ಲಿ ಹಂಚಿಕೆ ಏಳು-ಮೂರಕ್ಕೆ ಬಂತು. ಅದಕ್ಕಿಂತ ಮುಖ್ಯವಾಗಿ ಆ ಮೂರರಲ್ಲಿ ಎರಡನ್ನು ಎಡಗೈಯವನು ಮೊದಲ ಮುಂಸಾಲಿನ ಜೊತೆ ಆಡತೊಡಗಿದ. ಅಭ್ಯಾಸ ಮುಗಿದ ಮೇಲೂ ಸೆಂಟರ್ ಮತ್ತು ಅವನು ಉಳಿದುಕೊಂಡು ನೂರು ಸ್ನ್ಯಾಪ್ ಮಾಡುತ್ತಿದ್ದರು. ಅದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಪಂದ್ಯಗಳಿಗೆ ಸಹಾಯಕ ಕೋಚ್ ಒಂದು ಯೋಜನೆ ತಂದರು. ಒಂದೆರಡು ಯಾರ್ಡ್ ಮಾತ್ರ ಬೇಕಾದಾಗ ಎಡಗೈಯವನನ್ನು ಇಳಿಸಿ ಅವನಿಂದಲೇ ಓಡಿಸುವುದು. 2006ರಲ್ಲಿ ಫ್ಲಾರಿಡಾ ತಂಡ ಕ್ರಿಸ್ ಲೀಕ್ ಆಡುತ್ತಿದ್ದಾಗ ನಡುನಡುವೆ ಮೊದಲ ವರ್ಷದ ಟಿಮ್ ಟೀಬೊ ಅವರನ್ನು ಹೀಗೆ ಬಳಸಿ ಪ್ರಶಸ್ತಿ ಗೆದ್ದಿತ್ತು. ಆದರೆ ಟೀಬೊ ಗೂಳಿಯಂತೆ ನುಗ್ಗಬಲ್ಲ ಆಳು, ನಮ್ಮ ಹುಡುಗ ತೆಳ್ಳಗಿನವನು. ಅವನು ಮೈದಾನಕ್ಕೆ ಓಡಿಬಂದ ಕೂಡಲೇ ಏನು ನಡೆಯಲಿದೆ ಎಂದು ಎದುರಾಳಿಗೂ ಗೊತ್ತು, ಐಸ್‌ಕ್ರೀಮ್ ಮಾರುವವನಿಗೂ ಗೊತ್ತು. ಎರಡು ಪಂದ್ಯಗಳಲ್ಲಿ ಐದು ಸಲ ಯತ್ನಿಸಿದರು, ನಾಲ್ಕು ಸಲ ತಡೆದರು. ಯಾರೂ ಏನೂ ಕಲಿಯಲಿಲ್ಲ. ಮೂರನೆಯ ವಾರ ಅದನ್ನು ಕೈಬಿಟ್ಟರು.

ಗುರುವಾರದ ಹಾಳೆ

ಮುಖ್ಯ ಕೋಚ್ ಆ ವಾರ ತಂದ ಏರ್ಪಾಡು ಬಹಳ ಸರಳ. ಪ್ರತಿ ಪಂದ್ಯದ ಮೂರನೆಯ ಆಕ್ರಮಣ ಸರದಿ ಎಡಗೈಯವನದು. ಅಂಕ ಎಷ್ಟೇ ಇರಲಿ, ಚೆಂಡು ಮೈದಾನದ ಯಾವ ಮೂಲೆಯಲ್ಲೇ ಇರಲಿ. ಜೊತೆಗಿರುವ ಹತ್ತು ಮಂದಿ ಮೊದಲ ಆಯ್ಕೆಯವರೇ. ಯಾವ ಆಟವನ್ನಾದರೂ ಕರೆಯಬಹುದು. ಸರದಿ ಮುಗಿಯುವವರೆಗೆ, ಎಂಥ ಕೆಟ್ಟ ಎಸೆತ ಎಸೆದರೂ, ಅವನನ್ನು ಹೊರಗೆ ಕರೆಯುವಂತಿಲ್ಲ. ಇದನ್ನು ಗುರುವಾರ ಸಂಜೆ ಒಂದು ಹಾಳೆಯಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು.

ಗುರುವಾರವೇ ಏಕೆ ಎಂದು ಕೇಳಿದೆ. ಶನಿವಾರ ಮೈದಾನದಲ್ಲಿ ನಿಂತು ನಿರ್ಧರಿಸಲು ಹೊರಟರೆ ‘ಇನ್ನೊಂದು ಸರದಿ ನೋಡೋಣ’ ಎನ್ನುವುದಕ್ಕೆ ಪ್ರತಿ ಸಲವೂ ಒಂದು ಒಳ್ಳೆಯ ಕಾರಣ ಸಿಗುತ್ತದೆ ಎಂದು ಅವರು ವಿವರಿಸಿದರು.

ಹಿರಿಯ ಮರುದಿನವೇ ಅವರ ಕಚೇರಿಗೆ ಬಂದ. ನಾನು ಅಲ್ಲೇ ಇದ್ದೆ, ಎದ್ದು ಹೋಗಲು ನೋಡಿದಾಗ ಅವನೇ ಕೂರುವಂತೆ ಸನ್ನೆ ಮಾಡಿದ. ತನ್ನ ಕೊನೆಯ ವರ್ಷ ಇದು, ಆಟದ ಲಯ ಹತ್ತುವುದೇ ಮೂರನೆಯ ಸರದಿಯ ಹೊತ್ತಿಗೆ, ಆಗಲೇ ಹೊರಗೆ ಕೂರಿಸಿದರೆ ಹೇಗೆ ಎಂದು ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಕೋಚ್ ಅವನ ಹೆಗಲು ತಟ್ಟಿ ಸಮಾಧಾನ ಹೇಳಲಿಲ್ಲ. ಇದರಿಂದ ನಿನಗೆ ನಷ್ಟವಿದೆ ಎಂದು ಒಪ್ಪಿಕೊಂಡರು. ಹಿಂದಿನ ವರ್ಷ ಅವನ ಕೊರಳೆಲುಬು ಮುರಿದ ಮೇಲೆ ತಂಡಕ್ಕೆ ಏನಾಯಿತೆಂದು ನೆನಪಿಸಿದರು. ಕೊನೆಗೆ ಒಂದು ಕೆಲಸ ಕೊಟ್ಟರು. ಆಟಗಾರನ ಹೆಲ್ಮೆಟ್‌ನೊಳಗಿನ ರೇಡಿಯೊ ನಮ್ಮ ಸ್ತರಕ್ಕೆ ಆಗ ಬಂದಿರಲಿಲ್ಲ, ಸೈಡ್‌ಲೈನ್‌ನಿಂದ ಕೈಸನ್ನೆಯಲ್ಲೇ ಆಟ ಕರೆಯುತ್ತಿದ್ದರು. ಸಾಮಾನ್ಯವಾಗಿ ಆ ಸನ್ನೆ ಮಾಡುವುದು ಮೀಸಲು ಕ್ವಾರ್ಟರ್‌ಬ್ಯಾಕ್. ಮೂರನೆಯ ಸರದಿಯಲ್ಲಿ ಅದು ಹಿರಿಯನ ಪಾಲಾಯಿತು. ಈ ಏರ್ಪಾಡು ಅವನಿಗೆ ಕೊನೆಯವರೆಗೂ ಇಷ್ಟವಾಗಲಿಲ್ಲ. ಆದರೂ ಒಂದು ಸನ್ನೆಯನ್ನೂ ಅವನು ತಡವಾಗಿ ಮಾಡಲಿಲ್ಲ. ಆ ಹುಡುಗನ ದೊಡ್ಡತನ ಯಾವ ಅಂಕಪಟ್ಟಿಯಲ್ಲೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಪಂದ್ಯ. ಎಡಗೈಯವನ ಸರದಿಯ ಮೂರನೆಯ ಯತ್ನದಲ್ಲೇ ಎದುರಾಳಿ ಅವನ ಎಸೆತವನ್ನು ಹಿಡಿದು ನಮ್ಮ ಕೊನೆಯ ಗೆರೆ ದಾಟುವವರೆಗೆ ಓಡಿ ಟಚ್‌ಡೌನ್ ಅಂಕ ಗಳಿಸಿದ. ಕ್ರೀಡಾಂಗಣ ತನ್ನದೇ ತಂಡದ ಮೇಲೆ ಕೂಗಾಡಿತು. ಕಷ್ಟಪಟ್ಟು ಗೆದ್ದೆವು. ಭಾನುವಾರದ ಸಭೆಯಲ್ಲಿ ನಾಲ್ವರು ಸಹಾಯಕರಲ್ಲಿ ಮೂವರು ಏರ್ಪಾಡು ನಿಲ್ಲಿಸಬೇಕೆಂದರು. ಗುರುವಾರ ಹಾಳೆ ಮತ್ತೆ ಗೋಡೆಯ ಮೇಲಿತ್ತು.

ನಾಲ್ಕನೆಯ ಪಂದ್ಯದಲ್ಲಿ ಮಳೆ. ಮೂರನೆಯ ಸರದಿ ಶುರುವಾಗಿದ್ದು ನಮ್ಮದೇ 6 ಯಾರ್ಡ್ ಗೆರೆಯಿಂದ. ಬೆನ್ನ ಹಿಂದೆ ನಾವು ಕಾಯಬೇಕಾದ ಮೈದಾನದ ತುದಿ, ನಮ್ಮದೇ ಎಂಡ್‌ಜೋನ್; ಕೈಯಲ್ಲಿ ಒದ್ದೆ ಚೆಂಡು. ಸಹಾಯಕ ಕೋಚ್ ಹಿರಿಯನಿಗೆ ಇಳಿಯುವಂತೆ ಕೈ ಬೀಸಿದರು, ಅವನು ಎರಡು ಹೆಜ್ಜೆ ಇಟ್ಟೂ ಬಿಟ್ಟ. ಮುಖ್ಯ ಕೋಚ್ ಅವನ ತೋಳು ಹಿಡಿದು ನಿಲ್ಲಿಸಿ ಎಡಗೈಯವನ ಕಡೆ ನೋಡಿದರು. ಇಡೀ ಪ್ರಕರಣದಲ್ಲಿ ಅತ್ಯಂತ ದೊಡ್ಡ ತಿರುವು ಯಾವುದೆಂದು ಕೇಳಿದರೆ ನಾನು ಆ ತೋಳು ಹಿಡಿದ ಗಳಿಗೆಯನ್ನು ತೋರಿಸುತ್ತೇನೆ. ಆಮೇಲೆ ನಡೆದದ್ದೇನು? ಏನೂ ಇಲ್ಲ. ಮೂರು ಯತ್ನ, ಏಳು ಯಾರ್ಡ್, ಆಮೇಲೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್. ಸ್ನ್ಯಾಪ್‌ಗಳು ಎದೆಗೆ ಬಂದವು, ಯಾರೂ ಮುಂಚೆ ಅಲುಗಲಿಲ್ಲ, ಪ್ರತಿ ಸಲವೂ 40 ಸೆಕೆಂಡಿನ ಗಡಿಯಾರದಲ್ಲಿ ಎಂಟು ಸೆಕೆಂಡು ಉಳಿದಿತ್ತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಐದನೆಯ ಪಂದ್ಯದ ಸರದಿ ಹನ್ನೊಂದು ಯತ್ನಗಳದ್ದು, ಟಚ್‌ಡೌನ್‌ನಲ್ಲಿ ಮುಗಿಯಿತು.

ತಪ್ಪಿದ ವಾರ

ಆರನೆಯದು ನೆರೆಯ ಸಾಂಪ್ರದಾಯಿಕ ಎದುರಾಳಿಯ ವಿರುದ್ಧ. ಗುರುವಾರ ಹಾಳೆ ಅಂಟಿಸಿದ್ದರು. ಶನಿವಾರ ಮೂರನೆಯ ಸರದಿ ಬಂದಾಗ ನಾವು ಏಳು ಅಂಕ ಹಿಂದಿದ್ದೆವು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ಕೋಚ್ ಹಿರಿಯನನ್ನೇ ಇಳಿಸಿದರು, ಪಂದ್ಯ ಗೆದ್ದೆವು. ಹೆಲ್ಮೆಟ್ ಹಾಕಿಕೊಂಡು ಗೆರೆಯ ಬಳಿ ನಿಂತಿದ್ದ ಎಡಗೈಯವನು ಹೆಲ್ಮೆಟ್ ತೆಗೆದು ಸನ್ನೆ ಮಾಡುವ ಜಾಗಕ್ಕೆ ಹೋದ.

ಗೆದ್ದದ್ದರಿಂದ ಇದು ಸರಿಯಾದ ನಿರ್ಧಾರವಾಗಿ ಕಂಡಿತು. ನನ್ನ ಎಣಿಕೆಯಲ್ಲಿ ಆ ಋತುವಿನ ದೊಡ್ಡ ತಪ್ಪು ಅದೇ. ಮುಂದಿನ ವಾರ ವಿಡಿಯೊ ಕೋಣೆಯಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಭ್ಯಾಸದ ನಂತರದ ನೂರು ಸ್ನ್ಯಾಪ್ ನಿಂತಿತು. ಸೆಂಟರ್ ನನ್ನ ಬಳಿ ಬಂದು, ಹಾಳೆ ನಿಜವಾದರೆ ತಾನು ಅದಕ್ಕಾಗಿ ಸಿದ್ಧನಾಗುತ್ತೇನೆ, ಸುಳ್ಳಾದರೆ ಏಕೆ ಎಂದು ಕೇಳಿದ. ನಾನು ಕೋಚ್‌ಗೆ ಅದನ್ನು ಮುಟ್ಟಿಸಿದೆ. ಗುರುವಾರ ಅವರು ಆಕ್ರಮಣದ ಎಲ್ಲ ಹುಡುಗರ ಎದುರು ಎಡಗೈಯವನ ಕ್ಷಮೆ ಕೇಳಿದರು. ದೊಡ್ಡ ಸ್ಥಾನದಲ್ಲಿರುವವರು ಹತ್ತೊಂಬತ್ತು ವರ್ಷದವನ ಎದುರು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಏಳು, ಎಂಟು, ಒಂಬತ್ತನೆಯ ಪಂದ್ಯಗಳಲ್ಲಿ ಹಾಳೆ ತಪ್ಪಲಿಲ್ಲ.

ಹೊಸಬನ ನಾಲ್ಕು ಚೀಟಿಗಳು

ಹೊಸಬನ ಲೆಕ್ಕ ಬೇರೆ. ಕಾಲೇಜು ಆಟಗಾರನಿಗೆ ಆಗ ಐದು ವರ್ಷಗಳೊಳಗೆ ನಾಲ್ಕು ಋತು ಆಡುವ ಅವಕಾಶವಿತ್ತು. ಮೊದಲೆಲ್ಲ ಒಂದು ಸ್ನ್ಯಾಪ್ ಆಡಿದರೂ ಸಾಮಾನ್ಯವಾಗಿ ಒಂದು ಋತು ಖರ್ಚಾಗುತ್ತಿತ್ತು. 2018ರಲ್ಲಿ ಎನ್‌ಸಿಎಎ ನಿಯಮ ಸಡಿಲಿಸಿ, ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷವನ್ನು ‘ರೆಡ್‌ಶರ್ಟ್’, ಅಂದರೆ ನಾಲ್ಕು ಋತುಗಳ ಲೆಕ್ಕಕ್ಕೆ ಸೇರದ ವರ್ಷ, ಎಂದು ಉಳಿಸಿಕೊಳ್ಳಲು ಬಿಟ್ಟಿತು. ಹೊಸಬನ ಕೈಯಲ್ಲಿ ನಾಲ್ಕು ಚೀಟಿಗಳಿದ್ದ ಹಾಗೆ. ಐದನೆಯ ಪಂದ್ಯಕ್ಕೆ ಇಳಿದರೆ ವರ್ಷ ಹೋಯಿತು.

ಆ ನಿಯಮದ ಇನ್ನೊಂದು ಮುಖವನ್ನು ಕ್ಲೆಮ್ಸನ್ ತಂಡ ಅದೇ ವರ್ಷ ಕಂಡಿತು. ನಾಲ್ಕು ಪಂದ್ಯಗಳಾದ ಮೇಲೆ ಮೊದಲ ಸ್ಥಾನವನ್ನು ಟ್ರೆವರ್ ಲಾರೆನ್ಸ್‌ಗೆ ಕೊಟ್ಟಾಗ, ಅಲ್ಲಿಯವರೆಗೆ ಆಡಿದ್ದ ಕೆಲ್ಲಿ ಬ್ರಯಂಟ್ ವರ್ಷ ಉಳಿಸಿಕೊಂಡು ತಂಡ ಬಿಟ್ಟರು. ಅದೇ ವಾರ, ಸೆಪ್ಟೆಂಬರ್ 29ರಂದು, ಸಿರಾಕ್ಯೂಸ್ ವಿರುದ್ಧ ಲಾರೆನ್ಸ್ ಗಾಯಗೊಂಡರು. ಬೆಂಚಿನಿಂದ ಇಳಿದ ಚೇಸ್ ಬ್ರೈಸ್ ನಾಲ್ಕನೆಯ ಕ್ವಾರ್ಟರ್‌ನಲ್ಲಿ 94 ಯಾರ್ಡ್ ಸರದಿ ನಡೆಸಿ 27-23ರಿಂದ ಗೆಲ್ಲಿಸಿದರು. ಕ್ಲೆಮ್ಸನ್ ಆ ಋತುವಿನಲ್ಲಿ ಒಂದನ್ನೂ ಸೋಲದೆ 15-0 ಆಗಿ ಪ್ರಶಸ್ತಿ ಗೆದ್ದಿತು. ಬುಧವಾರ ಒಬ್ಬ ಹೋದ, ಶನಿವಾರ ಒಬ್ಬ ಬಿದ್ದ. ಇಂಥದ್ದು ಯಾವ ತಂಡಕ್ಕೂ ಆಗಬಹುದು ಎಂದು ನಮ್ಮ ಕೋಚ್ ಆ ಪಂದ್ಯವನ್ನು ಪದೇಪದೇ ನೆನೆಯುತ್ತಿದ್ದರು. ಅದಕ್ಕೇ ಹೊಸಬನ ಎರಡು ಚೀಟಿಗಳನ್ನು ಮಾತ್ರ ಮೊದಲ ಒಂಬತ್ತು ಪಂದ್ಯಗಳಲ್ಲಿ ಖರ್ಚು ಮಾಡಿ, ಎರಡನ್ನು ತುರ್ತಿಗೆ ಕಾಪಿಟ್ಟರು. ಖರ್ಚು ಮಾಡಿದ ಎರಡರಲ್ಲೂ ಅವನಿಗೆ ಎಸೆಯಲು ಬಿಟ್ಟರು, ಮೊದಲ ಆಯ್ಕೆಯ ಸೆಂಟರ್‌ನನ್ನು ಒಂದು ಸರದಿ ಹೆಚ್ಚಿಗೆ ಮೈದಾನದಲ್ಲಿ ಉಳಿಸಿದರು.

ಹತ್ತನೆಯ ಪಂದ್ಯ ಮತ್ತು ಆಮೇಲೆ

ಹತ್ತನೆಯ ಪಂದ್ಯದ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಹಿರಿಯನ ಕಾಲು ತಿರುಚಿತು. ಎರಡು ಅಂಕ ಹಿಂದಿದ್ದೆವು. ಎಡಗೈಯವನು ಇಳಿದಾಗ ನಾನು ನೋಡುತ್ತಿದ್ದದ್ದು ಅವನನ್ನಲ್ಲ, ಬಲಬದಿಯ ಟ್ಯಾಕಲ್‌ನನ್ನು. ಅವನು ಅಲುಗಲಿಲ್ಲ. ಸ್ನ್ಯಾಪ್ ಎಡಗೈಯ ಕಡೆಗೇ ಬಂತು. ಅಂಥ ಗಳಿಗೆಯಲ್ಲಿ ಬೇಕಾಗಿದ್ದದ್ದು ಆ ಸಾಮಾನ್ಯತೆಯೇ. ಒಂಬತ್ತು ಯತ್ನಗಳಲ್ಲಿ ಚೆಂಡನ್ನು ಫೀಲ್ಡ್ ಗೋಲ್ ದೂರಕ್ಕೆ, ಅಂದರೆ ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸಬಹುದಾದ ದೂರಕ್ಕೆ, ತಂದರು. ಒಂದು ಅಂಕದಿಂದ ಗೆದ್ದೆವು.

ಹನ್ನೊಂದನೆಯ ಪಂದ್ಯವನ್ನು ಎಡಗೈಯವನೇ ಶುರು ಮಾಡಿ ಗೆಲ್ಲಿಸಿದ. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಸೋತೆವು. ಎದುರಾಳಿ ನಮಗಿಂತ ಬಲವಾಗಿತ್ತು, ಅಷ್ಟೆ. ಆ ಪಂದ್ಯದಲ್ಲಿ ಎಡಗೈಯವನ ಹೆಲ್ಮೆಟ್ ಒಮ್ಮೆ ಕಳಚಿತು. ಹಾಗಾದಾಗ ಆಟಗಾರ ಸಾಮಾನ್ಯವಾಗಿ ಒಂದು ಯತ್ನ ಹೊರಗಿರಬೇಕೆಂಬುದು ನಿಯಮ. ಆ ಒಂದು ಸ್ನ್ಯಾಪ್‌ಗಾಗಿ ಹೊಸಬನ ಮೂರನೆಯ ಚೀಟಿ ಹೋಯಿತು. ಅವನು ಚೆಂಡು ಹಿಡಿದು ಓಡುವವನ ಕೈಗಿಟ್ಟ, ನಾಲ್ಕು ಯಾರ್ಡ್. ಕಾಪಿಟ್ಟಿರದಿದ್ದರೆ ಆ ಒಂದು ಸ್ನ್ಯಾಪ್‌ಗೆ ಅವನ ಇಡೀ ವರ್ಷ ಹೋಗುತ್ತಿತ್ತು.

ನೋಟ್‌ಬುಕ್ಕಿನ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲ ಋತುವಿನಲ್ಲಿ ಗಾಯದ ದಿನದ ಮೊದಲು ಎಡಗೈಯವನಿಗೆ ಸಿಕ್ಕಿದ್ದು 61 ಸ್ನ್ಯಾಪ್. ಎರಡನೆಯ ಋತುವಿನ ಆರು ಮೂರನೆಯ ಸರದಿಗಳಲ್ಲಿ ಸಿಕ್ಕಿದ್ದು ಒಟ್ಟು 38. ಕಡಿಮೆಯೇ. ಆದರೆ ಆ 38ರಲ್ಲಿ ಎಸೆತಗಳು 21, ಮತ್ತು ಎಲ್ಲ 38ರಲ್ಲೂ ಎದುರಿಗೆ ಗೆಲ್ಲಲು ಬಂದಿದ್ದ ರಕ್ಷಣೆ, ಜೊತೆಗೆ ಗೆಲ್ಲಲು ಬಂದಿದ್ದ ಹತ್ತು ಮಂದಿ. ಒಂದೇ ತಂಡದ ಎರಡು ಋತುಗಳಿಂದ ದೊಡ್ಡ ಸಿದ್ಧಾಂತ ಕಟ್ಟಲಾಗದು ಎಂಬುದು ನನ್ನ ವೃತ್ತಿಯೇ ಕಲಿಸಿದ ಪಾಠ. ಹುಡುಗನಿಗೆ ಒಂದು ವರ್ಷ ವಯಸ್ಸೂ ಹೆಚ್ಚಾಗಿತ್ತು, ವಸಂತದ ಅಭ್ಯಾಸವೂ ಸಿಕ್ಕಿತ್ತು. ಆದರೂ ಸೆಂಟರ್‌ನ ಮಣಿಕಟ್ಟು, ಟ್ಯಾಕಲ್‌ನ ಕಿವಿ, ರಿಸೀವರ್‌ನ ಬೆರಳು ವಯಸ್ಸಿನಿಂದ ಬದಲಾಗುವುದಿಲ್ಲ. ಅವು ಜೊತೆಗೆ ಆಡಿದ್ದರಿಂದಲೇ ಬದಲಾದವು ಎಂದು ನಾನು ನಂಬುತ್ತೇನೆ.

ಡಿಸೆಂಬರ್‌ನಲ್ಲಿ ಎಡಗೈಯವನು ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಗೆ, ಹೆಸರು ಕೊಟ್ಟ. 2018ರಲ್ಲಿ ಬಂದ ವ್ಯವಸ್ಥೆ ಅದು. ಕಾಲೇಜು ಬದಲಿಸಿದವನು ಒಂದು ವರ್ಷ ಹೊರಗೆ ಕೂರಬೇಕೆಂಬ ಕಟ್ಟು 2021ರಲ್ಲಿ ಒಂದು ಸಲದ ಮಟ್ಟಿಗೆ ಫುಟ್‌ಬಾಲ್‌ಗೂ ಸಡಿಲವಾದ ಮೇಲೆ ಅದರ ವೇಗ ಹೆಚ್ಚಿದೆ. ದೊಡ್ಡ ಸ್ತರದ ಒಂದು ತಂಡ ಅವನನ್ನು ಕರೆದುಕೊಂಡಿತು. ಅವನು ಅವರಿಗೆ ಕಳಿಸಿದ ವಿಡಿಯೊದಲ್ಲಿ ಹೆಚ್ಚಿನದು ಆ ಮೂರನೆಯ ಸರದಿಗಳೇ. ನಮ್ಮ ಖರ್ಚಿನಲ್ಲಿ ಬೇರೆಯವರಿಗೆ ಆಟಗಾರನನ್ನು ತಯಾರಿಸಿದೆವು ಎಂದು ಸಹಾಯಕ ಕೋಚ್ ಸಿಟ್ಟಾದರು. ಸಿಟ್ಟು ಅರ್ಥವಾಗುತ್ತದೆ, ನಾನು ಒಪ್ಪುವುದಿಲ್ಲ. ಅವನು ಆಡದೆ ಕೂತಿದ್ದರೆ ಒಂದು ಋತು ಮುಂಚೆಯೇ ಹೋಗುತ್ತಿದ್ದ, ಹತ್ತನೆಯ ಪಂದ್ಯದಲ್ಲಿ ಇಳಿಸಲು ಹೊಸಬನೊಬ್ಬನೇ ಇರುತ್ತಿದ್ದ. ಮತ್ತೆ, ಇಪ್ಪತ್ತರ ಹುಡುಗ ತನ್ನ ಆಟವನ್ನು ನಾಲ್ಕು ಜನರಿಗೆ ತೋರಿಸಿ ಮೇಲೆ ಹೋದರೆ ಅದನ್ನು ಕಾಲೇಜೊಂದು ನಷ್ಟದ ಲೆಕ್ಕಕ್ಕೆ ಬರೆಯಬಾರದು. ಹೊರಡುವ ಮುಂಚೆ ಅವನು ಸೆಂಟರ್ ಜೊತೆ ಖಾಲಿ ಮೈದಾನದಲ್ಲಿ ಮತ್ತೆ ನೂರು ಸ್ನ್ಯಾಪ್ ಮಾಡಿದ. ಅವನ ತಂದೆ ಬೇಲಿಯ ಆಚೆ ಕಾರಿಗೆ ಒರಗಿ ನಿಂತು ನೋಡುತ್ತಿದ್ದರು.

ಮುಂದಿನ ವರ್ಷ ನಾನು ಲೆಕ್ಕ ಬರೆಯುವ ಕೆಲಸ ಬಿಟ್ಟೆ. ಆದರೂ ಮೂರನೆಯ ವಾರದ ಗುರುವಾರ ಒಮ್ಮೆ ಆ ಕೋಣೆಗೆ ಹೋಗಿದ್ದೆ. ಹೊಸಬ ಈಗ ಮೊದಲ ಆಯ್ಕೆಯವನು. ಗೋಡೆಯ ಹಾಳೆಯ ಮೇಲೆ ಮೂರನೆಯ ಸರದಿಯ ಎದುರು ನನಗೆ ಗುರುತಿಲ್ಲದ ಹೆಸರೊಂದಿತ್ತು. ಅದರ ಕೆಳಗೆ, ಸನ್ನೆ ಮಾಡುವವನ ಜಾಗದಲ್ಲಿ ಹೊಸಬ ತನ್ನ ಹೆಸರನ್ನು ತಾನೇ ಬರೆದುಕೊಂಡಿದ್ದ.